ಹಾಳೆಯಲ್ಲಿರುವ ಕುದುರೆಯೂ ಲಾಯದಲ್ಲಿರುವ ಕುದುರೆಯೂ ಒಂದೇನಾ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ. ಎರಡು ವರ್ಷದ ಹಿಂದೆ ರೇಸ್ ಬಿಟ್ಟ ಒಂದು ಹೆಣ್ಣು ಕುದುರೆ ತಂದೆವು. ಥರೋಬ್ರೆಡ್ (ರೇಸಿನ ತಳಿ), ಬೇ ಬಣ್ಣ, ಜೂಲು ಬಾಲ ಕಪ್ಪು, ಹಣೆಯಲ್ಲಿ ಬಿಳಿ ಚುಕ್ಕೆ, ಹಿಂದಿನ ಎಡಗಾಲು ಬಿಳಿ. ಮಾರಿದವರು ಒಂದು ಜೆರಾಕ್ಸ್ ಹಾಳೆ ಕೊಟ್ಟರು. 2016ರಲ್ಲಿ ಹುಟ್ಟಿದ್ದು ಅಂತ ಅದರಲ್ಲಿದೆ, ತಂದೆ ತಾಯಿ ಹೆಸರಿದೆ, ಇಬ್ಬರ ಹೆಸರಿನ ಮುಂದೂ ಚೆಸ್ಟ್‌ನಟ್ ಅಂತಿದೆ. "ಡರ್ಬಿ ಬ್ಲಡ್‌ಲೈನ್, ಟಿಪ್ಪು ಕಾಲದ ಕುಣಿಗಲ್ ರಕ್ತ" ಅಂದಿದ್ದರು. ಈಗ ಪರಿಚಯದವರ ಮಾರ್ವಾಡಿ ತಳಿಯ ಗಂಡು ಕೊಡಿಸಿದ್ದೇವೆ, ಗಬ್ಬ ಆಗಿದೆ. ನಮ್ಮ ಕುದುರೆಯ ವಂಶಾವಳಿ ಪೂರ್ತಿ ತೆಗೆಸುವುದು ಹೇಗೆ? ಹುಟ್ಟುವ ಮರಿಯನ್ನು ಎಲ್ಲಿ ಬರೆಸಬೇಕು?

ಉತ್ತರ: ಆ ಹಾಳೆ ನಿಮ್ಮ ಕುದುರೆಯದ್ದಲ್ಲ ಅಂತ ನನ್ನ ಅನುಮಾನ. ಕುದುರೆಯನ್ನು ನೋಡದೆ ಹೀಗೆ ಹೇಳೋದು ಸರಿಯಲ್ಲ, ಗೊತ್ತು. ಆದರೆ ಕಾರಣ ನೀವೇ ಬರೆದಿದ್ದೀರಿ. ಚೆಸ್ಟ್‌ನಟ್ ತಂದೆಗೂ ಚೆಸ್ಟ್‌ನಟ್ ತಾಯಿಗೂ ಬೇ ಮರಿ ಹುಟ್ಟುವುದಿಲ್ಲ.

ಬೇ ಅಂದರೆ ಮೈ ಕಂದು, ಜೂಲು, ಬಾಲ, ಕಾಲಿನ ಕೆಳಭಾಗ ಕಪ್ಪು. ಚೆಸ್ಟ್‌ನಟ್‌ಗೆ ಮೈಯೂ ಕೆಂಪು, ಜೂಲೂ ಕೆಂಪು ಅಥವಾ ಇನ್ನೂ ತಿಳಿ. ಕೂದಲಿಗೆ ಕಪ್ಪು ಕೊಡುವ ಜೀನ್ ಒಂದಿದೆ. ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ, ಎರಡೂ ಕೆಲಸ ಮಾಡದೇ ಇದ್ದರೆ ಮಾತ್ರ ಕುದುರೆ ಚೆಸ್ಟ್‌ನಟ್ ಆಗುತ್ತದೆ. ಅಂದರೆ ಚೆಸ್ಟ್‌ನಟ್ ಕುದುರೆಯ ಹತ್ತಿರ ಮರಿಗೆ ಕೊಡೋಕೆ ಕಪ್ಪು ಇಲ್ಲವೇ ಇಲ್ಲ. ತಂದೆ ಕೈ ಖಾಲಿ, ತಾಯಿ ಕೈಯೂ ಖಾಲಿ, ಮರಿಗೆ ಕಪ್ಪು ಜೂಲು ಎಲ್ಲಿಂದ ಬರಬೇಕು? ಗ್ರೇ ಬಣ್ಣಕ್ಕೂ ಇಂಥದ್ದೇ ಒಂದು ಕಟ್ಟಳೆ ಇದೆ: ಗ್ರೇ ಮರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಗ್ರೇ ಇರಲೇಬೇಕು, ಅಜ್ಜನ ಬಣ್ಣ ಮೊಮ್ಮಗಳಿಗೆ ಹಾರಿ ಬಂತು ಅಂತ ಇಲ್ಲಿ ಹೇಳುವ ಹಾಗಿಲ್ಲ. ಈ ಎರಡು ವಿಷಯ ಗೊತ್ತಿದ್ದರೆ ಪೈಸೆ ಖರ್ಚಿಲ್ಲದೆ ಎಷ್ಟೋ ಸುಳ್ಳು ಹಾಳೆಗಳನ್ನು ಅಲ್ಲೇ ಹಿಡಿಯಬಹುದು.

ಹಾಗಂತ ಮಾರಿದವರು ಮೋಸ ಮಾಡಿದರು ಅಂತ ಈಗಲೇ ತೀರ್ಮಾನಿಸಬೇಡಿ. ಟೈಪ್ ಮಾಡಿದವರು ತಂದೆಯ ಬಣ್ಣ ತಪ್ಪು ಬರೆದಿರಬಹುದು. ಅಥವಾ ಒಂದೇ ಲಾಯದಿಂದ ನಾಲ್ಕು ಕುದುರೆ ಹೊರಟಾಗ ನಾಲ್ಕು ಹಾಳೆ ಅದಲು ಬದಲಾಗಿರಬಹುದು. ರೇಸ್ ಬಿಟ್ಟ ಕುದುರೆ ಎರಡು ಮೂರು ಕೈ ದಾಟಿ ಬರುವಷ್ಟರಲ್ಲಿ ಹೀಗಾಗುವುದು ಮಾಮೂಲು.

ವಂಶಾವಳಿ ತೆಗೆಯೋದು ಎರಡು ಭಾಗದ ಕೆಲಸ. ಎದುರಿಗೆ ನಿಂತಿರುವ ಕುದುರೆಗೂ ಒಂದು ಹೆಸರಿಗೂ ಗಂಟು ಹಾಕುವುದು ಮೊದಲನೆಯದು. ಆ ಹೆಸರಿನಿಂದ ಹಿಂದಕ್ಕೆ ತಂದೆ, ತಾಯಿ, ಅಜ್ಜಿ ಅಂತ ಹೋಗುವುದು ಎರಡನೆಯದು. ಜನ ಎಲ್ಲ ಎರಡನೆಯದಕ್ಕೇ ಒದ್ದಾಡುತ್ತಾರೆ, ನಿಜವಾಗಿ ಅದು ಸುಲಭ, ಇನ್ನೂರು ಮುನ್ನೂರು ವರ್ಷದ ದಾಖಲೆ ಅಚ್ಚಾಗಿ ಕೂತಿದೆ. ಮೊದಲ ಗಂಟೇ ಸಡಿಲ ಇದ್ದರೆ ಹಿಂದಿನ ಮುನ್ನೂರು ವರ್ಷವೂ ಬೇರೆ ಯಾವುದೋ ಕುದುರೆಯ ಕಥೆ.

ಹಾಗಾಗಿ ಹಾಳೆ ಪಕ್ಕಕ್ಕಿಟ್ಟು ಲಾಯಕ್ಕೆ ಹೋಗಿ.

ಮೊದಲು ಚಿಪ್. ಈಚಿನ ವರ್ಷಗಳ ಥರೋಬ್ರೆಡ್ ಮರಿಗಳಿಗೆ ನೋಂದಣಿ ಹೊತ್ತಿಗೆ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಹಾಕುತ್ತಾರೆ. ಕತ್ತಿನ ಎಡಗಡೆ, ಜೂಲಿನ ಬುಡಕ್ಕಿಂತ ಸ್ವಲ್ಪ ಕೆಳಗೆ, ನೆತ್ತಿಗೂ ಹೆಗಲ ದಿಣ್ಣೆಗೂ ನಡುಮಧ್ಯೆ. ಸ್ಕ್ಯಾನರ್ ಹಿಡಿದರೆ 15 ಅಂಕಿ ಬರುತ್ತದೆ. ಮೊದಲ ಮೂರು ಅಂಕಿ ದೇಶದ್ದು ಅಥವಾ ಚಿಪ್ ಮಾಡಿದ ಕಂಪನಿಯದ್ದು, ಉಳಿದದ್ದು ಈ ಕುದುರೆಯದ್ದೇ. ಬೆಂಗಳೂರಲ್ಲಿ ಕುದುರೆ ನೋಡುವ ಪಶುವೈದ್ಯರ ಹತ್ತಿರ ಸ್ಕ್ಯಾನರ್ ಇರುತ್ತದೆ, ನಾಯಿ ಡಾಕ್ಟರ್ ಹತ್ತಿರ ಇರುವುದೂ ಸಾಮಾನ್ಯವಾಗಿ ಆಗುತ್ತದೆ. ಆ ಸಂಖ್ಯೆ ಬರೆದುಕೊಳ್ಳುವಾಗ ಒಬ್ಬರು ಓದಿ ಇನ್ನೊಬ್ಬರು ಬರೆಯಬೇಡಿ. ಸ್ಕ್ಯಾನರ್ ಪರದೆಯ ಫೋಟೋ ತೆಗೆಯಿರಿ, ಫೋಟೋದಲ್ಲಿ ಕುದುರೆಯ ಮುಖವೂ ಕಾಣಲಿ.

ಸಂಖ್ಯೆ ಸಿಕ್ಕಿದರೆ ದಾರಿ ನೇರ. ನಮ್ಮ ದೇಶದ ಥರೋಬ್ರೆಡ್‌ಗಳ ಲೆಕ್ಕ ಇಡುವುದು ಪುಣೆಯ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾ. ಚಿಪ್ ಸಂಖ್ಯೆ, ಫೋಟೋಗಳು, ನಿಮ್ಮ ಖರೀದಿ ಚೀಟಿ ಇಟ್ಟು ಅವರಿಗೆ ಬರೆದರೆ ಇದು ಯಾವ ಕುದುರೆ ಅಂತ ತಿಳಿಯುತ್ತದೆ. ರೇಸ್ ಕುದುರೆಗೆ ಪಾಸ್‌ಪೋರ್ಟ್ ಅಂತ ಒಂದು ಸಣ್ಣ ಪುಸ್ತಕ ಇರುತ್ತದೆ, ಅದು ಕುದುರೆ ಜೊತೆಗೇ ಬರಬೇಕಾದದ್ದು. ನಿಮಗೆ ಕೊಟ್ಟಿಲ್ಲ ಅಂದರೆ ಮಾರಿದವರನ್ನು ಕೇಳಿ. ಸುಮ್ನೆ ಕೇಳಬೇಡಿ, ಲಿಖಿತವಾಗಿ ಕೇಳಿ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಬರೀ ಹೆಸರಿಟ್ಟುಕೊಂಡು ಹುಡುಕಬೇಡಿ. ಥರೋಬ್ರೆಡ್ ಹೆಸರು ಹೆಚ್ಚೆಂದರೆ 18 ಅಕ್ಷರ, ಅದೂ ಅಕ್ಷರಗಳ ನಡುವಿನ ಖಾಲಿ ಜಾಗ ಸೇರಿ. ಚೆನ್ನಾಗಿರುವ ಹೆಸರುಗಳು ಪದೇ ಪದೇ ಬರುತ್ತವೆ, ಬೇರೆ ಬೇರೆ ದೇಶದಲ್ಲಿ ಒಂದೇ ಹೆಸರಿನ ಕುದುರೆ ಇರುತ್ತವೆ. ಅದಕ್ಕೇ ಹೆಸರಿನ ಪಕ್ಕ ಕಂಸದಲ್ಲಿ ದೇಶದ ಗುರುತು ಹಾಕುತ್ತಾರೆ, ಇಲ್ಲಿ ಹುಟ್ಟಿದ್ದಕ್ಕೆ ಐಎನ್‌ಡಿ, ಐರ್ಲೆಂಡಿನದ್ದಕ್ಕೆ ಐಆರ್‌ಇ. ಹೆಸರು, ದೇಶ, ಹುಟ್ಟಿದ ವರ್ಷ, ತಾಯಿಯ ಹೆಸರು, ಈ ನಾಲ್ಕೂ ತಾಳೆಯಾದರೆ ಮಾತ್ರ ಅದೇ ಕುದುರೆ. ಇನ್ನು ಸವಾರಿ ಶಾಲೆಗೆ ಬಂದ ಮೇಲೆ ರೇಸ್ ಹೆಸರು ಹೋಗಿ ರಾಣಿ, ಜೂಲಿ ಅಂತ ಆಗಿಬಿಟ್ಟಿರುತ್ತದೆ, ಆ ಹೆಸರಿಗೆ ದಾಖಲೆಯಲ್ಲಿ ಯಾವ ಬೆಲೆಯೂ ಇಲ್ಲ.

ಈಗ ಸುಳಿ. ನಮ್ಮ ಕಡೆ ಹಿರಿಯರು ಕುದುರೆ ಕೊಳ್ಳೋಕೆ ಹೋದರೆ ಮೊದಲು ಸುಳಿ ನೋಡುತ್ತಿದ್ದರು, ದನಕ್ಕೂ ನೋಡುತ್ತಾರೆ. ಈ ಸುಳಿ ಮನೆಗೆ ಆಗಿಬರುತ್ತದೆ, ಆ ಸುಳಿ ಯಜಮಾನನನ್ನು ತಿನ್ನುತ್ತದೆ ಅಂತೆಲ್ಲ. ಆ ಶಕುನ ನಾನು ನಂಬುವುದಿಲ್ಲ, ಆದರೆ ಆ ಕಣ್ಣು ಇದೆಯಲ್ಲ, ಅದು ನಮಗೆ ಬೇಕಾದದ್ದೇ. ಯಾಕೆಂದರೆ ಕುದುರೆಯ ಸುಳಿ ಹುಟ್ಟಿನಿಂದ ಸಾಯುವವರೆಗೆ ಇದ್ದಲ್ಲೇ ಇರುತ್ತದೆ. ಬಣ್ಣ ಬದಲಾಗಬಹುದು, ಗ್ರೇ ಕುದುರೆ ಹುಟ್ಟುವಾಗ ಕಪ್ಪೋ ಕೆಂಪೋ ಇದ್ದು ಹತ್ತು ವರ್ಷಕ್ಕೆ ಬೆಳ್ಳಗಾಗುತ್ತದೆ. ಗಾಯದ ಜಾಗದಲ್ಲಿ ಬಿಳಿ ಕೂದಲು ಬರುತ್ತದೆ. ಸುಳಿ ಮಾತ್ರ ಕದಲುವುದಿಲ್ಲ. ಪಾಸ್‌ಪೋರ್ಟ್ ಚಿತ್ರದಲ್ಲಿ ಸಾಮಾನ್ಯವಾಗಿ ಬಿಳಿ ಗುರುತನ್ನು ಕೆಂಪು ಇಂಕಿನಲ್ಲಿ ಬರೆಯುತ್ತಾರೆ, ಸುಳಿಗೆ ಕಪ್ಪು ಇಂಕಿನಲ್ಲಿ ಗುಣಾಕಾರದ ಗುರುತು ಹಾಕುತ್ತಾರೆ.

ಇದನ್ನು ನೀವೇ ಮಾಡಿ. ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಕುದುರೆಯನ್ನು ಹೊರಗೆ ಕಟ್ಟಿ. ಹಣೆಯ ಮೇಲೆ ಕೈ ಆಡಿಸಿ: ಸುಳಿ ಕಣ್ಣಿನ ಮಟ್ಟಕ್ಕಿಂತ ಮೇಲಿದೆಯಾ, ಕೆಳಗಿದೆಯಾ, ನಟ್ಟನಡುವೆ ಇದೆಯಾ, ಎಡಕ್ಕೆ ಜರುಗಿದೆಯಾ, ಒಂದಾ ಎರಡಾ. ನಿಮ್ಮ ಕುದುರೆಗೆ ಹಣೆಯಲ್ಲಿ ಚುಕ್ಕೆ ಇದೆ ಅಂದಿರಿ, ಸುಳಿ ಚುಕ್ಕೆಯೊಳಗಿದೆಯಾ ಅಂಚಿನಲ್ಲಿದೆಯಾ ನೋಡಿ. ಆಮೇಲೆ ಜೂಲಿನ ಬುಡದ ಎರಡೂ ಕಡೆ, ಗಂಟಲು, ಎದೆ. ಜೂಲಿನ ಕೆಳಗೆ ಕೂದಲು ಗೆರೆಯಾಗಿ ಹಿಂದುಮುಂದಾಗಿ ಹೋಗಿರುತ್ತದೆ, ಗರಿಯ ಹಾಗೆ, ಅದರ ಉದ್ದವನ್ನೂ ಬರೆಯಿರಿ. ಹಿಂದಿನ ಎಡಗಾಲು ಬಿಳಿ ಅಂದಿರಿ. ಎಲ್ಲಿಯವರೆಗೆ? ಗೊರಸಿನ ಮೇಲಿನ ಅಂಚಿಗಷ್ಟೇನಾ, ಗೆಣ್ಣಿನವರೆಗಾ, ಇನ್ನೂ ಮೇಲಕ್ಕಾ? ಒಳಗಡೆ ಜಾಸ್ತಿ ಹೊರಗಡೆ ಕಮ್ಮಿ ಇರಬಹುದು. ಕಾಲುಗಳ ಒಳಬದಿಯಲ್ಲಿ ಗಡಸು ಚರ್ಮದ ಬಿಲ್ಲೆಯಂಥದ್ದು ಇರುತ್ತದಲ್ಲ, ಅದು ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದೊಂದು ಕುದುರೆಗೆ ಒಂದೊಂದು ಆಕಾರ. ಅಮೆರಿಕದಲ್ಲಿ ಅದರ ಫೋಟೋ ತೆಗೆದೇ ಗುರುತು ಹಿಡಿಯುತ್ತಿದ್ದರು. ಬರೆ ಹಾಕಿದ ಗುರುತಿದ್ದರೆ ಆ ಜಾಗದ ಕೂದಲು ಒದ್ದೆ ಮಾಡಿ, ಆಗ ಎದ್ದು ಕಾಣುತ್ತದೆ.

ಹಲ್ಲು ನೋಡಿ ವಯಸ್ಸು ಹೇಳುವವರು ನಿಮ್ಮ ಕಡೆಯೂ ಇರುತ್ತಾರೆ. ಐದು ವರ್ಷದವರೆಗೆ ಅದು ನಂಬಿಕಸ್ಥ, ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಮುಂದಿನ ಹಲ್ಲು ಜೋಡಿ ಜೋಡಿಯಾಗಿ ಬದಲಾಗುತ್ತವೆ. ಆಮೇಲಿನದ್ದು ಅಂದಾಜು. ಹತ್ತರ ಸುಮಾರಿಗೆ ಮೇಲಿನ ಮೂಲೆ ಹಲ್ಲಿನಲ್ಲಿ ಒಂದು ಗೀರು ಶುರುವಾಗುತ್ತದೆ, ಹದಿನೈದಕ್ಕೆ ಅರ್ಧ ಇಳಿದಿರುತ್ತದೆ. 1844ರಲ್ಲಿ ಇಂಗ್ಲೆಂಡಿನ ಎಪ್ಸಮ್ ಡರ್ಬಿ ಅನ್ನುವ ದೊಡ್ಡ ರೇಸಿನಲ್ಲಿ ರನ್ನಿಂಗ್ ರೈನ್ ಅನ್ನುವ ಕುದುರೆ ಮೊದಲು ಬಂತು. ಡರ್ಬಿ ಮೂರು ವರ್ಷದ ಕುದುರೆಗಳಿಗೆ ಮಾತ್ರ. ಓಡಿದ್ದು ನಾಲ್ಕು ವರ್ಷದ ಮಕ್ಯಾಬಿಯಸ್ ಅನ್ನುವ ಬೇರೆ ಕುದುರೆ ಅಂತ ತಕರಾರು ಬಂತು, ಕೋರ್ಟಿಗೆ ಹೋಯಿತು. ನ್ಯಾಯಾಧೀಶರು ಅರ್ಜಿ, ಸಾಕ್ಷಿ ಎಲ್ಲ ಬದಿಗಿಟ್ಟು ಕುದುರೆ ತನ್ನಿ ಅಂದರು. ಕುದುರೆ ಬರಲೇ ಇಲ್ಲ, ನಾಪತ್ತೆ! ಗೆಲುವು ಎರಡನೆಯದಾಗಿ ಬಂದಿದ್ದ ಒರ್ಲಾಂಡೋಗೆ ಹೋಯಿತು. ನಿಮ್ಮ ವಿಷಯದಲ್ಲಿ ಹಾಳೆ 2016 ಅನ್ನುತ್ತದೆ, ಬಾಯಿ ತೆಗೆಸಿ ನೋಡಿ, ಅದಕ್ಕಿಂತ ಐದಾರು ವರ್ಷ ಆಚೀಚೆ ಕಂಡರೆ ಅನುಮಾನ ಇನ್ನೂ ಗಟ್ಟಿ. ಥರೋಬ್ರೆಡ್ ಲೆಕ್ಕದಲ್ಲಿ ನಮ್ಮಲ್ಲಿ ಎಲ್ಲ ಕುದುರೆಗೂ ಜನವರಿ 1ಕ್ಕೇ ಒಂದು ವರ್ಷ ತುಂಬುತ್ತದೆ ಅನ್ನೋದು ನೆನಪಿರಲಿ, ಹಾಗಾಗಿ ಕೆಲವು ತಿಂಗಳ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಚಿಪ್ಪೇ ಸಿಗಲಿಲ್ಲ ಅಂದರೆ? ಆಗ ಡಿಎನ್‌ಎ. ಇದರ ಬಗ್ಗೆ ಜನಕ್ಕೆ ಒಂದು ತಪ್ಪು ಕಲ್ಪನೆ ಇದೆ, ಕೂದಲು ಕಳಿಸಿದರೆ ಲ್ಯಾಬಿನವರು ತಂದೆ ತಾಯಿ ಹೆಸರು ಬರೆದು ಕಳಿಸುತ್ತಾರೆ ಅಂತ. ಹಾಗಲ್ಲ. ಲ್ಯಾಬ್ ಡಿಎನ್‌ಎಯ ಕೆಲವು ಗೊತ್ತಾದ ಜಾಗಗಳನ್ನು ಓದುತ್ತದೆ. ಪ್ರತಿ ಜಾಗದಲ್ಲೂ ಮರಿಗೆ ಎರಡು ಗುರುತು, ಒಂದು ತಂದೆಯದ್ದು, ಒಂದು ತಾಯಿಯದ್ದು. ಒಂದು ಜಾಗದಲ್ಲಿ ಮರಿಗೆ ಕ, ಗ ಇದೆ ಅಂದುಕೊಳ್ಳಿ. ತಾಯಿಗೆ ಕ, ಚ. ಹಾಗಾದರೆ ಕ ತಾಯಿಯಿಂದ ಬಂತು, ಗ ತಂದೆಯಿಂದ ಬರಲೇಬೇಕು. ತಂದೆ ಅಂತ ಹೇಳಿದ ಗಂಡಿಗೆ ಗ ಇಲ್ಲದಿದ್ದರೆ, ಅದೂ ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಹೀಗೇ ಆದರೆ, ಅದು ತಂದೆಯಲ್ಲ. ಅಲ್ಲ ಅನ್ನೋದನ್ನು ಇದು ಖಚಿತವಾಗಿ ಹೇಳುತ್ತದೆ. ಹೌದು ಅನ್ನಬೇಕಾದರೆ ಹೋಲಿಸಿ ನೋಡೋಕೆ ತಂದೆ ತಾಯಿಯ ಮಾದರಿ ಮೊದಲೇ ದಾಖಲಾಗಿರಬೇಕು. ನೋಂದಾಯಿತ ಥರೋಬ್ರೆಡ್‌ಗಳದ್ದು ಇರುತ್ತದೆ, ಈಗ ಆ ತಾಳೆ ಇಲ್ಲದೆ ಮರಿ ಸ್ಟಡ್ ಬುಕ್, ಅಂದರೆ ತಳಿಯ ದಾಖಲೆ ಪುಸ್ತಕ, ಸೇರುವುದಿಲ್ಲ. ನಿಮ್ಮ ಕುದುರೆ ಇಂಥ ವರ್ಷದ ಇಂಥ ಕುದುರೆ ಇರಬಹುದು ಅನ್ನುವ ಊಹೆಯನ್ನು ನೀವು ಕೊಟ್ಟರೆ ಡಿಎನ್‌ಎ ಅದನ್ನು ಒಪ್ಪುತ್ತದೆ ಇಲ್ಲ ತಳ್ಳಿಹಾಕುತ್ತದೆ. ಊಹೆ ನಿಮ್ಮ ಕೆಲಸ.

ಕೂದಲು ತೆಗೆಯುವಾಗ ಕತ್ತರಿ ಹಾಕಬೇಡಿ, ಬುಡ ಸಮೇತ ಕೀಳಬೇಕು, ಡಿಎನ್‌ಎ ಇರುವುದು ಬುಡದ ಆ ಪುಟ್ಟ ಗಡ್ಡೆಯಲ್ಲಿ. ಜೂಲಿನಿಂದ ಇಪ್ಪತ್ತು ಮೂವತ್ತು ಕೂದಲು ಬೆರಳಿಗೆ ಸುತ್ತಿಕೊಂಡು ಒಂದೇ ಸಲ ಎಳೆಯಿರಿ. ಕಾಗದದ ಕವರಿಗೆ ಹಾಕಿ, ಪ್ಲಾಸ್ಟಿಕ್ ಬೇಡ, ಬೆವರಿ ಬೂಸ್ಟು ಹಿಡಿಯುತ್ತದೆ. ಮತ್ತೆ, ಕವರಿನ ಮೇಲೆ ಹೆಸರು ಮೊದಲು ಬರೆದು ಆಮೇಲೆ ಕೂದಲು ಕೀಳಿ.

ಈ ಕೊನೇ ಮಾತು ನಾನು ಪೆಟ್ಟು ತಿಂದು ಕಲಿತದ್ದು. ಒಂದು ಸ್ಟಡ್ ಫಾರ್ಮ್‌ನಲ್ಲಿ ದಾಖಲೆ ನೋಡಿಕೊಳ್ಳುತ್ತಿದ್ದಾಗ ಒಂದೇ ರಾತ್ರಿ ಎರಡು ಮರಿ ಹುಟ್ಟಿದವು, ಎರಡೂ ಬೇ, ಎರಡೂ ಹೆಣ್ಣು, ಎರಡಕ್ಕೂ ಹಣೆಯಲ್ಲಿ ಚುಕ್ಕೆ. ಸ್ವಲ್ಪ ದಿನ ಬಿಟ್ಟು ಮಾದರಿ ತೆಗೆಯುವಾಗ ಮಳೆ ಬೇರೆ, ಎರಡು ಕವರು ಜೇಬಿಗೆ ಹಾಕಿಕೊಂಡು ಆಫೀಸಿಗೆ ಬಂದು ಹೆಸರು ಬರೆದೆ. ಎರಡು ತಿಂಗಳ ಮೇಲೆ ವರದಿ ಬಂತು: ಎರಡೂ ಮರಿಗೆ ತಾಯಿ ತಾಳೆಯಾಗುತ್ತಿಲ್ಲ. ಮಾಲೀಕರಿಗೆ ಬಿಪಿ, ನನಗೆ ಜ್ವರ. ಮರಿಗಳು ಆಗಲೂ ತಾಯಿ ಬೆನ್ನಿಗೇ ಅಂಟಿಕೊಂಡಿದ್ದವು, ಆದರೆ ಯಾವ ಮರಿ ಯಾವ ತಾಯಿಯದ್ದು ಅನ್ನೋದಕ್ಕೆ ಬರೀ ಅದು ಸಾಕ್ಷಿ ಆಗುವುದಿಲ್ಲವಲ್ಲ. ಉಳಿಸಿದ್ದು ವಯಸ್ಸಾದ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಒಬ್ಬರು. ಹುಟ್ಟಿದ ಬೆಳಿಗ್ಗೆ ಅವರು ಹಾಲಿನ ಲೆಕ್ಕದ ಪುಸ್ತಕದಲ್ಲಿ ಎರಡು ಮುಖ ಬರೆದಿದ್ದರು, ಮಕ್ಕಳು ಬರೆದ ಹಾಗೆ. ಒಂದಕ್ಕೆ ಸುಳಿ ಚುಕ್ಕೆಯ ಒಳಗೆ, ಇನ್ನೊಂದಕ್ಕೆ ಚುಕ್ಕೆಯ ಮೇಲೆ ಬೆರಳಗಲ ದೂರ, ಕೆಳಗೆ ತಾಯಿಯ ಹೆಸರು. ಮತ್ತೆ ಕೂದಲು ಕಿತ್ತು ಕಳಿಸಿದೆವು, ಸರಿಹೋಯಿತು. ತಪ್ಪು ಪೂರ್ತಿ ನನ್ನದೇ.

ಈಗ ಕೆಲಸದ ಎರಡನೇ ಭಾಗ, ಓದೋಕೆ ಮಜಾ ಇರುವುದು. ಹೆಸರು ಗಟ್ಟಿಯಾದ ಮೇಲೆ ಸ್ಟಡ್ ಬುಕ್‌ನಲ್ಲಿ ತಂದೆ ತಾಯಿ ಸಿಗುತ್ತಾರೆ, ಅಲ್ಲಿಂದ ಹಿಂದಕ್ಕೆ ಹೋಗುತ್ತಾ ಹೋಗಬಹುದು. ಪೆಡಿಗ್ರಿ, ಅಂದರೆ ವಂಶಾವಳಿಯ ಪಟ್ಟಿಯನ್ನು ಎಡದಿಂದ ಬಲಕ್ಕೆ ಬರೆಯುತ್ತಾರೆ. ಎಡಗಡೆ ನಿಮ್ಮ ಕುದುರೆ, ಅದರ ಪಕ್ಕ ಮೇಲೆ ತಂದೆ, ಕೆಳಗೆ ತಾಯಿ. ಪ್ರತಿ ಜೋಡಿಯಲ್ಲೂ ಹಾಗೇ. ಐದು ತಲೆಮಾರಿಗೆ 62 ಹೆಸರಾಗುತ್ತದೆ. ಎಲ್ಲಕ್ಕಿಂತ ಮೇಲಿನ ಗೆರೆ ತಂದೆ, ತಂದೆಯ ತಂದೆ, ಅವನ ತಂದೆ ಅಂತ ಹೋಗುತ್ತದೆ, ನಮ್ಮ ಗೋತ್ರದ ಹಾಗೆ. ಎಲ್ಲಕ್ಕಿಂತ ಕೆಳಗಿನ ಗೆರೆ ತಾಯಿ, ಅಜ್ಜಿ, ಮುತ್ತಜ್ಜಿ, ಕರಾವಳಿಯ ಅಳಿಯಕಟ್ಟಿನಲ್ಲಿ ತಾಯಿ ಕಡೆಯಿಂದ ಬರುವ "ಬಳಿ" ಅನ್ನುವ ಕುಲದ ಹಾಗೆ. ಕುದುರೆಯವರು ಈ ವಿಷಯದಲ್ಲಿ ಪೂರ್ತಿ ಅಳಿಯಕಟ್ಟಿನವರು. ತಂದೆ ಬೇರೆಯಾದರೂ ತಾಯಿ ಒಂದೇ ಇದ್ದರೆ ಮಾತ್ರ ಅಣ್ಣತಂಗಿ ಅನ್ನುತ್ತಾರೆ. ಒಂದೇ ತಂದೆ ಬೇರೆ ತಾಯಿ ಇದ್ದರೆ ಸಂಬಂಧವನ್ನೇ ಹೇಳುವುದಿಲ್ಲ, ಯಾಕೆಂದರೆ ಒಳ್ಳೆ ಗಂಡಿಗೆ ನೂರಾರು ಮರಿ ಇರುತ್ತವೆ, ತಾಯಿಗೆ ವರ್ಷಕ್ಕೊಂದೇ. ಬ್ರೂಸ್ ಲೋ ಅನ್ನುವ ಆಸ್ಟ್ರೇಲಿಯಾದವರೊಬ್ಬರು ಇಂಗ್ಲೆಂಡಿನ ದೊಡ್ಡ ರೇಸುಗಳನ್ನು ಗೆದ್ದವರ ಲೆಕ್ಕ ಹಾಕಿ ಈ ತಾಯಿ ಗೆರೆಗಳಿಗೆ ನಂಬರು ಕೊಟ್ಟರು, ಜಾಸ್ತಿ ಗೆದ್ದ ಗೆರೆಗೆ ಒಂದು, ಆಮೇಲಿನದಕ್ಕೆ ಎರಡು, ಹೀಗೆ 43ರವರೆಗೆ. ಅದು 1895ರಲ್ಲಿ ಅಚ್ಚಾಯಿತು. ನಂಬರಿಗೂ ಓಟಕ್ಕೂ ಏನೂ ಸಂಬಂಧವಿಲ್ಲ ಅಂತ ಈಗ ಎಲ್ಲರಿಗೂ ಗೊತ್ತು, ಆದರೂ ಗುರುತಿಗೆ ಅಂತ ಇವತ್ತಿಗೂ ಬಳಸುತ್ತಾರೆ.

ಮೇಲಿನ ಗೆರೆ ಹಿಡಿದು ಹೋದರೆ ನೀವು ಮೂರೇ ಗಂಡುಗಳಲ್ಲಿ ಒಂದಕ್ಕೆ ಮುಟ್ಟುತ್ತೀರಿ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಅದರಲ್ಲೂ ಹೆಚ್ಚಿನಂಶ ಡಾರ್ಲಿಗೇ, ಸಿರಿಯಾದ ಅಲೆಪ್ಪೋದಲ್ಲಿ ಕೊಂಡು 1704ರಲ್ಲಿ ಇಂಗ್ಲೆಂಡಿಗೆ ಕಳಿಸಿದ ಕುದುರೆ ಅದು. 1764ರಲ್ಲಿ ಹುಟ್ಟಿದ ಎಕ್ಲಿಪ್ಸ್ ಅನ್ನುವ ಸೋಲೇ ಕಾಣದ ಕುದುರೆ ಅದರ ಮರಿಮಗನ ಮಗ. ಇದನ್ನೆಲ್ಲ ಒಂದು ಕಡೆ ಸೇರಿಸಿದ ಜನರಲ್ ಸ್ಟಡ್ ಬುಕ್‌ನ ಮೊದಲ ರೂಪ ಬಂದದ್ದು 1791ರಲ್ಲಿ, ಜೇಮ್ಸ್ ವೆದರ್‌ಬಿ ತಂದದ್ದು. ಅಂದರೆ ಡಾರ್ಲಿ ಬಂದು 87 ವರ್ಷ ಆದ ಮೇಲೆ, ಹಳೇ ರೇಸ್ ಪಟ್ಟಿ, ಮನೆಮನೆಯ ಲೆಕ್ಕದ ಪುಸ್ತಕ, ಮಾರಾಟದ ಚೀಟಿ ಎಲ್ಲ ಕೂಡಿಸಿ ಬರೆದದ್ದು. ಉತ್ತರ ಕರ್ನಾಟಕದವರಾದರೆ ಹೆಳವರನ್ನು ನೋಡಿರುತ್ತೀರಿ, ಊರೂರಿಗೆ ಬಂದು ನಿಮ್ಮ ಮನೆತನದ ಹತ್ತು ತಲೆಮಾರು ಒಪ್ಪಿಸಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಹೋಗುವವರು. ಹೆಳವರು ವರ್ಷಗಟ್ಟಲೆ ಒಂದು ಊರಿಗೆ ಬರದೇ ಹೋದರೆ ನಡುವಿನದ್ದನ್ನು ಅಜ್ಜಿ ನೆನಪಿನಿಂದ ಹೇಳಬೇಕಾಗುತ್ತದೆ, ಅಲ್ವಾ? ಸ್ಟಡ್ ಬುಕ್‌ನ ಮೊದಲ ಪುಟಗಳದ್ದೂ ಅದೇ ಕಥೆ. 2002ರಲ್ಲಿ ಐರ್ಲೆಂಡಿನ ಸಂಶೋಧಕರು ತಾಯಿಯಿಂದಷ್ಟೇ ಬರುವ ಡಿಎನ್‌ಎ ಹೋಲಿಸಿ ನೋಡಿದಾಗ ಒಂದೇ ಅಜ್ಜಿಯ ಸಂತಾನ ಅಂತ ಬರೆದಿದ್ದ ಹಲವು ಗೆರೆಗಳು ಒಂದೇ ಅಜ್ಜಿಯವಲ್ಲ ಅಂತ ಗೊತ್ತಾಯಿತು.

ಇದಕ್ಕಿಂತ ದೊಡ್ಡ ಕಥೆ ಬೆಂಡ್ ಆರ್‌ನದ್ದು. 1880ರ ಎಪ್ಸಮ್ ಡರ್ಬಿ ಗೆದ್ದ ಚೆಸ್ಟ್‌ನಟ್ ಕುದುರೆ, ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಅವರದ್ದು. ತಲೆಯಷ್ಟು ಅಂತರದಲ್ಲಿ ಸೋತ ರಾಬರ್ಟ್ ದ ಡೆವಿಲ್ ಕಡೆಯವರು ತಕರಾರು ಹಾಕಿದರು: ಇದು ಬೆಂಡ್ ಆರ್ ಅಲ್ಲ, ಅದೇ ಲಾಯದ ಟ್ಯಾಡ್‌ಕಾಸ್ಟರ್, ಮರಿಗಳಿದ್ದಾಗಲೇ ಅದಲು ಬದಲಾಗಿದೆ ಅಂತ. ಅಲ್ಲಿ ಕೆಲಸ ಬಿಟ್ಟ ಸೈಸ್ ಒಬ್ಬರು ಹೇಳಿದ ಮಾತು ಅದು. ಎರಡೂ ಒಂದೇ ವಯಸ್ಸು, ಎರಡೂ ಚೆಸ್ಟ್‌ನಟ್, ಎರಡಕ್ಕೂ ತಂದೆ ಡಾನ್‌ಕಾಸ್ಟರ್. ತಾಯಿ ಮಾತ್ರ ಬೇರೆ. ರೇಸಿನ ತೀರ್ಪುಗಾರರಾದ ಸ್ಟೂವರ್ಡ್‌ಗಳು ವಿಚಾರಣೆ ಮಾಡಿ ತಕರಾರು ತಳ್ಳಿಹಾಕಿದರು, ಬೆಂಡ್ ಆರ್ ಬೆಂಡ್ ಆರ್ ಆಗಿಯೇ ಉಳಿಯಿತು, ನೂರಾರು ಮರಿಗೆ ತಂದೆಯಾಯಿತು, ಅದರ ಅಸ್ಥಿಪಂಜರ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿತು. ಸುಮಾರು 130 ವರ್ಷದ ಮೇಲೆ ಆ ಮೂಳೆಯಿಂದ ಡಿಎನ್‌ಎ ತೆಗೆದು ನೋಡಿದರೆ ತಾಯಿ ಗೆರೆ ಬೆಂಡ್ ಆರ್‌ನ ತಾಯಿ ರೂಜ್ ರೋಸ್‌ಗೆ ಹೊಂದಲಿಲ್ಲ, ಟ್ಯಾಡ್‌ಕಾಸ್ಟರ್‌ನ ತಾಯಿ ಕ್ಲೆಮೆನ್ಸ್ ಕಡೆಗೆ ಹೊಂದಿತು! ಸೈಸ್ ಹೇಳಿದ್ದೇ ನಿಜ ಇದ್ದ ಹಾಗಿದೆ. ಇವತ್ತಿನ ರೇಸ್ ಕುದುರೆಗಳಲ್ಲಿ ಬೆಂಡ್ ಆರ್ ಹೆಸರು ಬರದ ಪೆಡಿಗ್ರಿ ಹುಡುಕಿದರೂ ಸಿಗುವುದು ಕಷ್ಟ. ನಿಮ್ಮ ಕುದುರೆಯದ್ದನ್ನು ಹಿಂದಕ್ಕೆ ಹಿಡಿದು ಹೋದರೂ ಆ ಹೆಸರು ಸಿಗುತ್ತದೆ, ಅಂದರೆ ಆ ತಪ್ಪು ನಿಮ್ಮ ಲಾಯದವರೆಗೂ ಬಂದಿದೆ.

"ಡರ್ಬಿ ಬ್ಲಡ್‌ಲೈನ್" ಅನ್ನೋ ಮಾತಿನ ಬೆಲೆ ಈಗ ನಿಮಗೇ ಗೊತ್ತಾಗಿರಬೇಕು. ಡರ್ಬಿ ಗೆದ್ದವರು ಪೂರ್ವಿಕರಲ್ಲಿ ಇಲ್ಲದ ಥರೋಬ್ರೆಡ್ ಇಲ್ಲ. ನೋಡಬೇಕಾದದ್ದು ಹತ್ತಿರದ್ದು: ತಾಯಿ ಓಡಿತ್ತಾ, ಏನು ಗೆದ್ದಿತ್ತು, ಅವಳ ಬೇರೆ ಮರಿಗಳು ಏನು ಮಾಡಿವೆ, ಅಜ್ಜಿಯ ಮರಿಗಳು ಏನು ಮಾಡಿವೆ. ಹರಾಜಿನ ಕ್ಯಾಟಲಾಗ್‌ನಲ್ಲಿ ದೊಡ್ಡ ರೇಸು ಗೆದ್ದವರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ, ಬ್ಲ್ಯಾಕ್ ಟೈಪ್ ಅನ್ನುತ್ತಾರೆ. ತಾಯಿ, ಅಜ್ಜಿಯ ಪ್ಯಾರಾದಲ್ಲಿ ದಪ್ಪ ಅಕ್ಷರ ಇದ್ದರೆ ಖುಷಿಪಡಿ, ನಾಲ್ಕನೇ ಅಜ್ಜಿ ಹತ್ತಿರ ಹೋದ ಮೇಲೆ ಸಿಗುವ ದಪ್ಪ ಅಕ್ಷರ ಬರೀ ಅಲಂಕಾರ.

ಇನ್ನು ಟಿಪ್ಪು ಕಾಲದ ರಕ್ತ. ಕುಣಿಗಲ್ ಫಾರ್ಮ್ ಟಿಪ್ಪು ಕಾಲದ್ದು ನಿಜ, ಅವನ ಸೈನ್ಯಕ್ಕೆ ಅಲ್ಲಿ ಕುದುರೆ ಸಾಕುತ್ತಿದ್ದರು. ಆದರೆ ಆ ಕುದುರೆಗಳು ಥರೋಬ್ರೆಡ್ ಅಲ್ಲ. ಇಂಡಿಯನ್ ಸ್ಟಡ್ ಬುಕ್‌ನಲ್ಲಿರುವ ರೇಸ್ ಕುದುರೆಯ ಬೇರು ಹಡಗಿನಲ್ಲಿ, ಆಮೇಲೆ ವಿಮಾನದಲ್ಲಿ ಹೊರದೇಶದಿಂದ ಬಂದ ಕುದುರೆಗಳದ್ದು. ನಿಮ್ಮ ಕುದುರೆ ಕುಣಿಗಲ್‌ನಲ್ಲೇ ಹುಟ್ಟಿರಬಹುದು, ಅದು ಹುಟ್ಟಿದ ಊರಾಯಿತು, ರಕ್ತ ಅಲ್ಲ. ಎರಡೂ ಬೇಕು ಅಂದರೆ ಆಗುವುದಿಲ್ಲ: ಥರೋಬ್ರೆಡ್ ಆಗಿದ್ದರೆ ಟಿಪ್ಪು ಕುದುರೆಯ ರಕ್ತ ಇಲ್ಲ.

ಮರಿಯ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಥರೋಬ್ರೆಡ್ ಸ್ಟಡ್ ಬುಕ್‌ನಲ್ಲಿ ಇದಕ್ಕೆ ಜಾಗವಿಲ್ಲ, ತಂದೆ ತಾಯಿ ಇಬ್ಬರೂ ಆ ಪುಸ್ತಕದವರೇ ಆಗಿರಬೇಕು. ಗಂಡು ಕೊಡಿಸಿದ್ದೂ ನೇರವಾಗಿಯೇ ಆಗಿರಬೇಕು, ಕೃತಕ ಗರ್ಭಧಾರಣೆಯ ಮರಿಯನ್ನು ಪ್ರಪಂಚದ ಯಾವ ಥರೋಬ್ರೆಡ್ ಪುಸ್ತಕವೂ ತೆಗೆದುಕೊಳ್ಳುವುದಿಲ್ಲ. ಮಾರ್ವಾಡಿ ಕಡೆಯಿಂದಲೂ ಇದು ಅರ್ಧ ರಕ್ತ. ನಾಳೆ ಮರಿಯ ಕಿವಿ ತುದಿ ಒಳಕ್ಕೆ ಬಾಗಿ ಚೆಂದ ಕಂಡರೆ ಯಾರಾದರೂ ಬಂದು ಶುದ್ಧ ಮಾರ್ವಾಡಿ ಅಂತ ಬರೆಸಿಕೊಡುತ್ತೇನೆ ಅನ್ನುತ್ತಾರೆ, ಒಪ್ಪಬೇಡಿ. ಅರ್ಧ ರಕ್ತದ ಕುದುರೆ ಕೆಟ್ಟದ್ದೇನಲ್ಲ, ಸವಾರಿಗೆ ಚೆನ್ನಾಗಿಯೇ ಇರುತ್ತದೆ, ಸ್ಪರ್ಧೆಗೆ ಕಳಿಸುವುದಾದರೆ ಎಕ್ವೆಸ್ಟ್ರಿಯನ್ ಫೆಡರೇಷನ್ ಆಫ್ ಇಂಡಿಯಾದಲ್ಲಿ ಪ್ರತ್ಯೇಕ ನೋಂದಣಿ ಇದೆ, ಅಲ್ಲಿ ತಳಿ ಶುದ್ಧಿಯ ಹಠ ಇಲ್ಲ.

ಹಾಗಾಗಿ ಈ ಮರಿಯ ಸ್ಟಡ್ ಬುಕ್ ನೀವೇ. ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ತಗೊಳ್ಳಿ, ಹಾಳೆ ಕಿತ್ತರೆ ಗೊತ್ತಾಗುವಂಥದ್ದು. ಯಾವ ದಿನ ಬೆದೆಗೆ ಬಂತು, ಯಾವ ಯಾವ ದಿನ ಗಂಡು ಕೊಡಿಸಿದಿರಿ, ಬೇರೆ ಗಂಡಿನ ಜೊತೆ ಬಿಟ್ಟಿದ್ದಿರಾ, ಎಲ್ಲ ತಾರೀಕು ಸಮೇತ. ಕುದುರೆ ಸುಮಾರು 340 ದಿನ ಹೊರುತ್ತದೆ, ಎರಡು ಮೂರು ವಾರ ಆಚೀಚೆ ಆಗುವುದೂ ಇದೆ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಹಾಗಾಗಿ ಎರಡು ಬೆದೆಯಲ್ಲಿ ಎರಡು ಗಂಡು ಕೊಡಿಸಿದ್ದರೆ ಹುಟ್ಟಿದ ದಿನ ಎಣಿಸಿ ತಂದೆ ಯಾರು ಅಂತ ಹೇಳೋಕಾಗುವುದಿಲ್ಲ, ಆಗ ಡಿಎನ್‌ಎನೇ ಗತಿ. ಗಂಡಿನ ಮಾಲೀಕರಿಂದ ಸಹಿ ಮಾಡಿದ ಒಂದು ಚೀಟಿ ತಗೊಳ್ಳಿ, ಗಂಡಿನ ಚಿಪ್ ಸಂಖ್ಯೆ, ಫೋಟೋ, ತಾರೀಕು ಇರಲಿ. ಅವರು ಪರಿಚಯದವರು ಅಂದಿರಿ, ಸಂಕೋಚ ಬೇಡ, ಈಗಲೇ ಆ ಗಂಡಿನ ಜೂಲಿನ ಕೂದಲೂ ಬುಡ ಸಮೇತ ಕಿತ್ತಿಟ್ಟುಕೊಳ್ಳಿ. ನಾಳೆ ಗಂಡನ್ನು ಮಾರಿಬಿಡಬಹುದು, ಸತ್ತೇ ಹೋಗಬಹುದು. ಒಣ ಜಾಗದಲ್ಲಿ ಕಾಗದದ ಕವರಿನಲ್ಲಿಟ್ಟ ಕೂದಲು ವರ್ಷಗಟ್ಟಲೆ ಕೆಡುವುದಿಲ್ಲ.

ಮರಿ ಹಾಕಿದ ದಿನ, ತಾಯಿ ನೆಕ್ಕಿ ಒಣಗಿಸಿದ ಮೇಲೆ, ಎಡ, ಬಲ, ಎದುರು, ಹಿಂದೆ, ಹಣೆ ಹತ್ತಿರದಿಂದ, ನಾಲ್ಕೂ ಕಾಲು ಬೇರೆ ಬೇರೆಯಾಗಿ ಫೋಟೋ. ಒಂದಾದರೂ ಫೋಟೋದಲ್ಲಿ ತಾಯಿ ಮರಿ ಇಬ್ಬರ ಹಣೆಯೂ ಕಾಣಬೇಕು. ಮೈ ಬಣ್ಣ ಖಚಿತವಾಗಿ ಬರೆಯಬೇಡಿ, ಮರಿಗೂದಲು ಉದುರಿ ಅಸಲಿ ಬಣ್ಣ ಬರೋಕೆ ಕೆಲವು ತಿಂಗಳು ಬೇಕು, ಆಗ ಇನ್ನೊಂದು ಸಲ ಬರೆಯಿರಿ. ಹಾಲು ಬಿಡಿಸುವ ಮುಂಚೆಯೇ ಚಿಪ್ ಹಾಕಿಸಿ, ಕೂದಲು ತೆಗೆಯಿರಿ. ತಾಯಿಯಿಂದ ಬೇರೆ ಮಾಡಿದ ಮೇಲೆ ಇದು ಇಂಥದ್ದರ ಮರಿ ಅನ್ನೋದಕ್ಕೆ ಬರೀ ಬಾಯಿಮಾತು ಉಳಿಯುತ್ತದೆ. ತಪ್ಪು ಬರೆದರೆ ವೈಟ್ನರ್ ಹಚ್ಚಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದು ಬರೆದು ತಾರೀಕು ಹಾಕಿ. ಸೈಸ್‌ಗೆ ಅನುಮಾನ ಇದ್ದರೆ ಅದನ್ನೂ ಬರೆದಿಡಿ.

ಆದರೆ ಇದಕ್ಕೆಲ್ಲ ಮುಂಚೆ ಈ ವಾರ ಸ್ಕ್ಯಾನರ್ ಹಿಡಿಸಿ. ಎಡಗಡೆ ಸಿಗದಿದ್ದರೆ ಕತ್ತಿನ ಬಲಗಡೆ, ಹೆಗಲು, ಎದೆಯ ಮುಂಭಾಗ ಎಲ್ಲ ನಿಧಾನಕ್ಕೆ ಆಡಿಸಿ, ಚಿಪ್ ಕೆಲವೊಮ್ಮೆ ಜಾರಿರುತ್ತದೆ. ಸಂಖ್ಯೆ ಸಿಕ್ಕ ಮೇಲೆ ಹಣೆಯ ಸುಳಿಯ ಫೋಟೋ ಜೊತೆ ಇನ್ನೊಮ್ಮೆ ಬರೆಯಿರಿ, ಆ ಜೆರಾಕ್ಸ್ ಹಾಳೆಯ ಫೋಟೋವನ್ನೂ ಹಾಕಿ. ಅದು ಯಾವ ಕುದುರೆಯದ್ದು ಅಂತ ನನಗೂ ಕುತೂಹಲ ಇದೆ, ಅದರ ಮಾಲೀಕರ ಕೈಯಲ್ಲಿ ನಿಮ್ಮ ಕುದುರೆಯ ಹಾಳೆ ಇದ್ದರೂ ಇರಬಹುದು.